ಏಳರ ಕಾಲಿಗೆ ಆರು

ನಾನು ಮನುಷ್ಯರನ್ನು ಕೆಳಗಿನಿಂದ ಮೇಲಕ್ಕೆ ನೋಡುವವನು. ಹೊಸಪೇಟೆಯ ಒಂದು ಚಪ್ಪಲಿ ಅಂಗಡಿಯಲ್ಲಿ, ಗಿರಾಕಿಗಳ ಎದುರಿನ ಕುಳ್ಳ ಸ್ಟೂಲಿನ ಮೇಲೆ ಕೂತು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಮುಖ ಮರೆತುಹೋಗುತ್ತದೆ, ಪಾದ ಮರೆಯುವುದಿಲ್ಲ. ಸಂಡೂರಿನ ಗಣಿಯಿಂದ ಬಂದವರ ಉಗುರಿನ ಸಂದಿಯಲ್ಲಿ ಕೆಂಪು ಧೂಳಿರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹಂಪಿಯ ಗೈಡುಗಳಿಗೆ ಹಿಮ್ಮಡಿ ನೋವು. ದಿನವಿಡೀ ಬಂಡೆಯ ಮೇಲೆ ನಡೆಯುವವರಿಗೆ ದಪ್ಪ ಅಟ್ಟೆಯದೇ ಬೇಕು, ಆದರೆ ಅವರು ಕೇಳುವುದು ನೋಡಲು ಚೆಂದ ಇರುವುದನ್ನು. ಆಸ್ಪತ್ರೆಯ ನರ್ಸುಗಳ ಕಾಲು ಸಂಜೆ ಹೊತ್ತಿಗೆ ಬಾತು ಅರ್ಧ ನಂಬರು ದೊಡ್ಡದಾಗಿರುತ್ತದೆ, ಅವರಿಗೆ ಬೆಳಿಗ್ಗೆ ಅಳತೆ ತೆಗೆಯಬಾರದು. ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಕಾಲಿನ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಊರಲ್ಲಿಲ್ಲ ಎಂಬ ಜಂಬವಿತ್ತು. ಜಂಬ ಎಂದು ಈಗ ಅನ್ನುತ್ತೇನೆ, ಆಗ ಅದಕ್ಕೆ ಅನುಭವ ಎಂಬ ಹೆಸರಿಟ್ಟುಕೊಂಡಿದ್ದೆ.

ಜಂಬದ ಜೊತೆಗೆ ಸಿಟ್ಟೂ ಇತ್ತು. ಅಗಲ ಪಾದವನ್ನು ಚೂಪು ಮೂತಿಯ ಶೂ ಒಳಗೆ ತುರುಕುವ ಮದುಮಗಂದಿರನ್ನು ಕಂಡರೆ ಸುಮ್ಮನಿರಲಾಗುತ್ತಿರಲಿಲ್ಲ. "ಕಾಲು ನಿಮ್ದೋ, ಬಾಡಿಗಿಗೆ ತಂದೀರೋ?" ಎಂದು ಕೇಳಿಬಿಡುತ್ತಿದ್ದೆ. ನಮ್ಮ ಮಾಲೀಕರು ಗಲ್ಲೆಯಿಂದಲೇ ಕೂಗುತ್ತಿದ್ದರು, "ಲೇ, ನಿನಗ್ಯಾಕಲೇ ಪಂಚಾಯ್ತಿ? ಹಾಕ್ಕೊಂಡು ನಾಕು ಹೆಜ್ಜಿ ನಡೀಲಿ. ಹೆಂಗೈತಿ ಅಂತ ಅವ್ರ ಕಾಲ ಹೇಳ್ತೈತಿ." ಅಂಗಡಿಯಲ್ಲಿ ಅದೊಂದೇ ಕಾನೂನು. ಹಾಕಿಸು, ನಡೆಸು, ಕೇಳು. ಕಾಲು ಸುಳ್ಳು ಹೇಳಬಹುದು ಎಂದು ನಮಗೆ ಯಾರಿಗೂ ಯಾವತ್ತೂ ಅನ್ನಿಸಿರಲಿಲ್ಲ.

ನನ್ನ ಅಕ್ಕ ಕಂಪ್ಲಿಯಲ್ಲಿದ್ದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಆಮೇಲೆ ಉಣ್ಣಿಸಿದ್ದು, ಹೊಡೆದದ್ದು, ಶಾಲೆಗೆ ಎಳೆದುಕೊಂಡು ಹೋದದ್ದು ಎಲ್ಲ ಅವಳೇ. ಗಂಡ ಬೇಗ ಹೋದ. ಒಬ್ಬಳೇ ಮಗಳನ್ನು ಓದಿಸಿದಳು. ಮಗಳು ಈಗ ವಡ್ಡು ಎಂಬ ಊರಿನ ಕಡೆಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಕ್ಕ ದುಡಿದದ್ದು ಅಕ್ಕಿ ಗಿರಣಿಯ ಕಣದಲ್ಲಿ.

ಆ ಕೆಲಸ ನೋಡದವರಿಗೆ ಸ್ವಲ್ಪ ಹೇಳಬೇಕು. ಭತ್ತವನ್ನು ನಮ್ಮ ಕಡೆ ನೆಲ್ಲು ಅನ್ನುತ್ತಾರೆ. ಕುದಿಸಿದ ನೆಲ್ಲನ್ನು ಸಿಮೆಂಟಿನ ಕಣದಲ್ಲಿ ಸುರಿದು ಬಿಸಿಲಿಗೆ ಹರಡುತ್ತಾರೆ. ಅದು ಮೇಲೆ ಮಾತ್ರ ಒಣಗಿದರೆ ಆಗದು, ಗಳಿಗೆಗೊಮ್ಮೆ ಹೊರಳಿಸಬೇಕು. ಹೆಂಗಸರು ಸಾಲಾಗಿ ನಿಂತು, ಪಾದ ಎತ್ತದೆ, ನೆಲ್ಲಿನೊಳಗೆ ಕಾಲು ಎಳೆಯುತ್ತಾ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಹಿಂದೆ ಉದ್ದಕ್ಕೆ ಗೆರೆಗಳು ಬೀಳುತ್ತವೆ. ಇದು ಬರಿಗಾಲಿನ ಕೆಲಸ. ಅನ್ನವಾಗುವ ಕಾಳಿನ ಮೇಲೆ ಚಪ್ಪಲಿ ಮೆಟ್ಟಿ ಹೋಗುವುದು ಎಂಬ ಮಾತನ್ನೇ ಅಲ್ಲಿ ಯಾರೂ ಆಡುವುದಿಲ್ಲ. ದೊಡ್ಡ ಗಿರಣಿಗಳಿಗೆ ಒಣಗಿಸುವ ಯಂತ್ರಗಳು ಬಂದಿವೆ, ಅಕ್ಕನ ಗಿರಣಿ ಸಣ್ಣದು, ಅಲ್ಲಿ ಬಿಸಿಲೇ ಯಂತ್ರ.

ಅಕ್ಕ ಆ ಕಣದ ಹಿರಿಯಳು. ನೆಲ್ಲು ಒಣಗಿತೋ ಇಲ್ಲವೋ ಎಂದು ಅಂಗಾಲಿನಿಂದಲೇ ಹೇಳುತ್ತಿದ್ದಳು. ಒಮ್ಮೆ ಕಾಲಾಡಿಸಿ, ಕಣ್ಣು ಕಿರಿದು ಮಾಡಿ, "ಇನ್ನೊಂದು ತಾಸು ಬಿಸಲು ಬೇಕ್ರಿ" ಎಂದರೆ ಗಿರಣಿಯವರು ಮತ್ತೊಂದು ಮಾತಾಡುತ್ತಿರಲಿಲ್ಲ. ಹೆಚ್ಚು ಒಣಗಿದರೆ ಅಕ್ಕಿ ನುಚ್ಚಾಗುತ್ತದೆ, ಕಡಿಮೆಯಾದರೆ ಮುಗ್ಗುತ್ತದೆ. ಓದು ಬರಹ ಇಲ್ಲದ ಅವಳಿಗೆ ಈ ಒಂದು ಮರ್ಯಾದೆ ಇತ್ತು, ಅದನ್ನು ಅವಳು ಚೆನ್ನಾಗಿಯೇ ಅನುಭವಿಸುತ್ತಿದ್ದಳು. ಹೊಸಬರ ಮೇಲೆ ರೇಗುತ್ತಿದ್ದಳು ಕೂಡ. ಸಿಟ್ಟು ನಮ್ಮ ಮನೆತನದ್ದು.

ಸಕ್ಕರೆ ಕಾಯಿಲೆ ಬಂದು ಆರೇಳು ವರ್ಷವಾಗಿತ್ತು. ನಮ್ಮ ಕಡೆ ಅದನ್ನು ರೋಗ ಎಂದು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಚಹಾಕ್ಕೆ ಸಕ್ಕರೆ ಬಿಟ್ಟಳು, ಮಾತ್ರೆ ನೆನಪಾದಾಗ ನುಂಗಿದಳು, ಅಷ್ಟೇ. ನಾನೂ ಫೋನಿನಲ್ಲಿ "ಗುಳಗಿ ತಗೊಂಡ್ಯಾ?" ಎಂದು ಕೇಳಿ ಕರ್ತವ್ಯ ಮುಗಿಸುತ್ತಿದ್ದೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಕ್ಕ, ಅವಳ ಮಗಳು, ನಾನು ಹಂಪಿಗೆ ಹೋಗಿದ್ದೆವು. ಗುಡಿ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಹತ್ತು ಗಂಟೆ, ದರ್ಶನ ಮುಗಿಸಿ ಹೊರಬರುವಾಗ ನಡು ಮಧ್ಯಾಹ್ನ. ಅಂಗಳದ ಕಲ್ಲು ಹಂಚಿನ ಹಾಗೆ ಕಾದಿತ್ತು. ನಾವೆಲ್ಲ ಗೋಡೆಯ ನೆರಳು ಹಿಡಿದು, ನೆರಳು ತಪ್ಪಿದ ಕಡೆ ಕುಣಿಯುತ್ತಾ ಓಡಿದೆವು. ಅಕ್ಕ ಮಾತ್ರ ಅಂಗಳದ ನಟ್ಟನಡುವೆ ಆರಾಮಾಗಿ ನಡೆದು ಬಂದಳು. ನನ್ನ ಕುಣಿತ ನೋಡಿ ಸೊಂಟಕ್ಕೆ ಕೈಯಿಟ್ಟು ನಕ್ಕಳು.

"ಏನಲೇ, ಚಪ್ಪಲಿ ಅಂಗಡ್ಯಾಗ ಕುಂತು ಕುಂತು ಮೆತ್ತಗಾಗೀದಿ ನೋಡು ನೀನು. ನನ್ ಕಾಲು ನೋಡು, ನೆಲ್ಲಾಗ ಬೆಂದ ಕಾಲು."

ಅಲ್ಲಿ ನಿಂತಿದ್ದ ಒಬ್ಬ ಗೈಡು "ಅಮ್ಮಾರಿಗೆ ದೇವ್ರ ಕೃಪಾ ಐತ್ರಿ" ಎಂದ. ಅವಳು ಹಿಗ್ಗಿದಳು. ನಾನೂ ಹಿಗ್ಗಿದೆ. ಅಂಗಡಿಗೆ ವಾಪಸು ಬಂದು ಮಾಲೀಕರ ಮುಂದೆ ಅಕ್ಕನ ಕಾಲಿನ ಗಟ್ಟಿತನವನ್ನು ಕೊಚ್ಚಿಕೊಂಡೆ. ಕಾಲು ಬಲ್ಲವನು ನಾನು. ಬೆಂಕಿಯಂಥ ಕಲ್ಲಿನ ಮೇಲೆ ಹೆಂಗಸೊಬ್ಬಳು ನಡೆದರೆ, ಅದನ್ನು ವರ ಎಂದುಕೊಂಡೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಅದಾಗಿ ಕೆಲವು ತಿಂಗಳಿಗೆ, ಹಂಡೆಯಿಂದ ಆಗಷ್ಟೇ ಸುರಿದ ನೆಲ್ಲಿನ ರಾಶಿಗೆ ಅಕ್ಕ ಕಾಲಿಟ್ಟಳು. ಉಳಿದವರು ಹಬೆ ಆರಲಿ ಎಂದು ದೂರ ನಿಂತಿದ್ದರು. ಅವಳು ಎರಡು ಸಾಲು ಎಳೆದು, ಚಹಾಕ್ಕೆಂದು ಒಣ ಸಿಮೆಂಟಿನ ಮೇಲೆ ನಡೆದು ಬಂದಾಗ ಹಿಂದಿದ್ದ ಹೆಂಗಸೊಬ್ಬಳು ಕಿರುಚಿದಳಂತೆ. ಅಕ್ಕ ಕಾಲಿಟ್ಟ ಕಡೆಯೆಲ್ಲ ಒದ್ದೆ ಹೆಜ್ಜೆ. ಅಂಗಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಚರ್ಮ ಸುಲಿದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಅದು ಒಂದೂವರೆ ತಿಂಗಳಿಗೆ ಮಾಯಿತು. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು, ಇನ್ನು ಬರಿಗಾಲು ಬೇಡ, ಮನೆಯೊಳಗೂ ಬೇಡ, ಒಳ್ಳೆಯ ಮೆತ್ತನೆಯ ಶೂ ಹಾಕಬೇಕು ಎಂದು. ಗಿರಣಿಯವರು ಅವಳನ್ನು ಕಣದಿಂದ ತೆಗೆದು ಜರಡಿ ಶೆಡ್ಡಿಗೆ ಹಾಕಿದರು. ಅಲ್ಲಿ ಶೂ ಹಾಕಿಕೊಂಡು ನಿಲ್ಲಬಹುದು. ನಿಲ್ಲಬೇಕಾದದ್ದು ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಅಕ್ಕ ಫೋನಿನಲ್ಲಿ ಅತ್ತಳು. "ಕಣದಾಗ ನನ್ ಜಾಗಾದಾಗ ಬ್ಯಾರೇದಾಕಿ ನಿಂತಾಳಲೇ" ಎಂದಳು. ಕಾಲು ಪೂರ್ತಿ ಗುಣವಾದರೆ ಮತ್ತೆ ಕಣಕ್ಕೆ ಕಳಿಸುತ್ತಾರೆ ಎಂಬ ಆಸೆ ಅವಳಿಗಿತ್ತು. ಕಾಲು ಕಾಪಾಡುವುದು ನನ್ನ ಕೈಯಲ್ಲಿದೆ ಎಂದು ನಾನು ಧೈರ್ಯ ಹೇಳಿದೆ. "ಊರಿಗೆಲ್ಲ ಶೂ ಹಾಕ್ತೀನಿ, ನಿನಗ ಹಾಕಂಗಿಲ್ಲೇನು? ನಾಳೆ ಬಸ್ ಹತ್ತಿ ಬಾ."

ಅವಳು ಇಳಕಲ್ ಸೀರೆ ಉಟ್ಟು ಬಂದಳು, ಸಂಬಂಧಿಕರ ಮದುವೆಗೆ ಬಂದವಳ ಹಾಗೆ. ಹುಟ್ಟಿದಾಗಿನಿಂದ ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟದವಳು. ಕುರ್ಚಿಯ ಮೇಲೆ ಕೂತು ಕಾಲು ಹಿಂದಕ್ಕೆ ಎಳೆದುಕೊಂಡಳು, ಇಷ್ಟು ಜನರ ಮುಂದೆ ತಮ್ಮ ಕಾಲು ಹಿಡಿಯುತ್ತಾನಲ್ಲ ಎಂದು ನಾಚಿಕೆ. ನಾನು ಹಬ್ಬಹಬ್ಬಕ್ಕೂ ಆ ಪಾದ ಮುಟ್ಟಿ ನಮಸ್ಕರಿಸಿದವನೇ. ಆದರೆ ಅವತ್ತೇ ಮೊದಲ ಸಲ ಅದನ್ನು ಅಂಗೈಯಲ್ಲಿಟ್ಟು ನೋಡಿದೆ. ಅಗಲ ಪಾದ, ಬೆರಳುಗಳು ಬೀಸಣಿಕೆಯಂತೆ ಬಿಡಿಸಿಕೊಂಡಿದ್ದವು. ಅಳತೆ ಪಟ್ಟಿಯಲ್ಲಿ ಸರಿಯಾಗಿ ಏಳು.

ಏಳನೇ ನಂಬರಿನ, ಅಗಲದ, ಒಳಗೆ ಮೆತ್ತೆ ಇರುವ ಒಂದು ಜೊತೆ ತೆಗೆದು ಹಾಕಿದೆ. ಶೂವಿನ ಮೇಲಿನ ಪಟ್ಟಿ ಅಂಟಿಸಿದೆ. ನಾಲ್ಕು ಹೆಜ್ಜೆ ನಡೆಸಿದೆ.

"ಸಡಿಲ ಐತಿ," ಎಂದಳು. "ಕಾಲಾಗ ಏನೂ ಇಲ್ದಂಗ ಆಗಾಕತ್ತೈತಿ. ಬಿದ್ದು ಹೋಗ್ತೈತಿದು."

ಪಟ್ಟಿ ಬಿಗಿ ಮಾಡಿದೆ. ಆಗಲೂ ಸಡಿಲ. ಆರನೇ ನಂಬರು ತಂದೆ. ಅದನ್ನು ಹಾಕಿ ಎದ್ದು ನಿಂತವಳ ಮುಖ ಬದಲಾಯಿತು.

"ಹಾಂ, ಈಗ ನೋಡು ಹಾಕ್ಕೊಂಡಂಗಾತು. ಇದ ಇರ್ಲಿ."

ನಾನು ಬಗ್ಗಿ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕಿರುಬೆರಳು ಶೂವಿನ ಪಕ್ಕಕ್ಕೆ ಒತ್ತಿಕೊಂಡಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ: ನನ್ನ ಹೆಬ್ಬೆರಳಿಗೆ ಗೊತ್ತಾಗಿತ್ತು. ಬೇರೆ ಯಾರೇ ಆಗಿದ್ದರೂ ಜಗಳ ತೆಗೆಯುತ್ತಿದ್ದೆ. ಆದರೆ ಅಕ್ಕ ಕನ್ನಡಿಯ ಮುಂದೆ ಸೀರೆಯ ನೆರಿಗೆ ಎತ್ತಿ ಹಿಡಿದು ತನ್ನ ಕಾಲನ್ನೇ ನೋಡುತ್ತಾ ಆ ಕಡೆ ಈ ಕಡೆ ಓಡಾಡುತ್ತಿದ್ದಳು. ನನ್ನನ್ನು ಇಷ್ಟು ವರ್ಷದಲ್ಲಿ ಏನೂ ಕೇಳದವಳು 'ಇದೇ ಇರಲಿ' ಎಂದಿದ್ದಳು. ಹೊಸ ಶೂ, ಎರಡು ದಿನಕ್ಕೆ ಹಿಗ್ಗುತ್ತದೆ ಎಂದುಕೊಂಡೆ. ಕಾಲೇ ಹೇಳುತ್ತಿದೆಯಲ್ಲ, ನನ್ನದೇನು ಎಂದುಕೊಂಡೆ. ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದೆ. ಅವಳು ಕಿಟಕಿಯಿಂದ ಕೈ ಬೀಸಿದಳು.

ಮೂರು ವಾರ ಕಳೆದಿರಬೇಕು. ಸಂಡೂರು ಕಡೆಯ ಯಶವಂತನಗರದ ಹತ್ತಿರ ಗಣಿ ಕೆಲಸಗಾರರಿಗೆ ಸೇಫ್ಟಿ ಶೂ ಅಳತೆ ತೆಗೆಯಲು ಮಾಲೀಕರು ನನ್ನನ್ನು ಕಳಿಸಿದ್ದರು. ಕ್ಯಾಂಟೀನಿನ ಒಂದು ಮೂಲೆಯಲ್ಲಿ ನಾನು ಡಬ್ಬಿಗಳನ್ನು ಜೋಡಿಸಿಕೊಂಡಿದ್ದೆ. ಇನ್ನೊಂದು ಮೂಲೆಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ ನಡೆದಿತ್ತು. ಒಬ್ಬ ನರ್ಸು ಲಾರಿ ಡ್ರೈವರ್ ಒಬ್ಬನ ಕಣ್ಣು ಮುಚ್ಚಿಸಿ, ಕುದುರೆ ಕೂದಲಿನಂಥ ಒಂದು ನೈಲಾನ್ ಎಳೆಯಿಂದ ಅವನ ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತಾ "ಗೊತ್ತಾತ್ರಿ? ಈಗ ಗೊತ್ತಾತ್ರಿ?" ಎಂದು ಕೇಳುತ್ತಿದ್ದಳು. ಅವಳು ಒತ್ತಿ ತೆಗೆದ ಮೇಲೂ ಅವನು ಸುಮ್ಮನೆ ಕಾಯುತ್ತಾ ಕೂತಿದ್ದ.

ಆಮೇಲೆ ಅವನ ಶೂ ಎತ್ತಿ ನೋಡಿ ಬೈದಳು. "ಇಷ್ಟು ಸಣ್ಣ ಶೂ ಯಾಕ ಹಾಕ್ತೀರಿ?"

"ದೊಡ್ಡದು ಸಡಿಲ ಆಗ್ತೈತ್ರಿ ಮೇಡಂ."

"ಸಡಿಲ ಆಗಂಗಿಲ್ರಿ, ನಿಮಗ ಹಂಗ ಅನಸ್ತೈತಿ. ಸ್ಪರ್ಶ ಹೋದ ಕಾಲಿಗೆ ಸರಿ ಇರೋ ಶೂ ಗೊತ್ತಾಗಂಗಿಲ್ಲ. ಒತ್ತಿದ್ರ ಮಾತ್ರ ಏನೋ ಐತಿ ಅನಸೋದು. ಅದಕ್ಕ ಎಲ್ಲಾರೂ ಸಣ್ಣದ ತಗೋತೀರಿ, ಹುಣ್ಣು ಮಾಡ್ಕೋತೀರಿ. ನಿಮ್ ಕಾಲಿನ ಮಾತು ನೀವು ನಂಬಬ್ಯಾಡ್ರಿ."

ಅವಳಿಗೆ ಅದು ದಿನಾ ಹೇಳುವ ಮಾತು, ಹೇಳಿ ಮುಂದಿನವನನ್ನು ಕರೆದಳು. ನಾನು ಕೈಯಲ್ಲಿದ್ದ ಡಬ್ಬಿ ಅಲ್ಲೇ ಬಿಟ್ಟು ಹೊರಗೆ ಬಂದು ಅಕ್ಕನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ, ಕೆಲಸಕ್ಕೆ ಹೋಗುವಾಗ ಫೋನು ಮನೆಯಲ್ಲಿಟ್ಟು ಹೋಗುತ್ತಿದ್ದಳು. ಸಿಕ್ಕ ಬಸ್ಸು ಹತ್ತಿದೆ. ಅದಿರಿನ ಲಾರಿಗಳ ಸಾಲಿನ ಹಿಂದೆ ಬಸ್ಸು ತೆವಳಿತು. ಮುಂದೆ ಸರಿಯದ ಪ್ರತಿಯೊಂದು ಲಾರಿಗೂ ನಾನು ಬಾಯಿಗೆ ಬಂದಂತೆ ಬೈದೆ, ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಕಂಪ್ಲಿ ಮುಟ್ಟಿದಾಗ ಮೂರು ಗಂಟೆ.

ಅಕ್ಕ ಜರಡಿಯ ಹತ್ತಿರ ನಿಂತಿದ್ದಳು. ಕಾಲಲ್ಲಿ ಅದೇ ಶೂ.

"ಏನಲೇ, ಹಬ್ಬಿಲ್ಲ ಹುಣ್ವಿಲ್ಲ, ಈಗ ಬಂದಿ?" ಎಂದು ನಕ್ಕಳು. ನಾನು ಅವಳನ್ನು ಚೀಲದ ಮೇಲೆ ಕೂರಿಸಿ ಬಲಗಾಲಿನ ಪಟ್ಟಿ ಬಿಚ್ಚಿದೆ. ಬಿಚ್ಚುವ ಮೊದಲೇ ವಾಸನೆ ಬಂತು. ಕಾಲುಚೀಲ ಬೆರಳಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದರೆ ಕಿರುಬೆರಳು ಕಪ್ಪಾಗಿತ್ತು, ಪಕ್ಕದ ಬೆರಳಿನ ಬುಡದಲ್ಲಿ ಕೀವು. ಬೆಳಿಗ್ಗೆ ಅವಸರದಲ್ಲಿ ಹಾಕಿಕೊಂಡು ಬಂದು, ಸಂಜೆ ದಣಿದು ಹೋಗಿ ಬಿಚ್ಚಿ ಮಲಗುವವಳು ಯಾವತ್ತು ಪಾದ ತಿರುಗಿಸಿ ನೋಡುತ್ತಾಳೆ? ನೋವಿದ್ದರೆ ತಾನೇ ನೋಡುವುದು.

ಅಕ್ಕ ಬಗ್ಗಿ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು. "ಇದು ಯಾವಾಗ ಆತು?" ಎಂದು ನನ್ನನ್ನೇ ಕೇಳಿದಳು.

ಮೊದಲು ಎರಡು ಬೆರಳು ಹೋದವು. ಹದಿನೈದು ದಿನಕ್ಕೆ ಪಾದದ ಮುಂಭಾಗ. ಕೊನೆಗೆ ಮೊಣಕಾಲಿನ ಕೆಳಗೆ. ಒಂದೊಂದು ಸಲವೂ ಇಷ್ಟಕ್ಕೇ ನಿಲ್ಲುತ್ತದೆ ಎಂದುಕೊಂಡು ಸಹಿ ಹಾಕಿದೆವು. ಸೊಸೆ, ಅಂದರೆ ಅಕ್ಕನ ಮಗಳು, ಕಾರ್ಖಾನೆಯ ಬಸ್ಸಿಳಿದು ನೇರ ಆಸ್ಪತ್ರೆಗೆ ಬರುತ್ತಿದ್ದಳು. ಅಕ್ಕ ಅವಳನ್ನು ಸದಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಕಾಲು ಹೋದ್ರ ನಾ ಕಣಕ್ಕ ಹೆಂಗ ಹೋಗ್ಲಿ?"

ಮೂರನೇ ಆಪರೇಷನ್ ಆದ ಮೇಲೆ, ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಾಗ, ನಾನು ತಡೆದುಕೊಳ್ಳಲಾರದೆ ಹೇಳಿಬಿಟ್ಟೆ. ನಿನ್ನ ಕಾಲು ಏಳು, ನಾನು ಆರು ಕೊಟ್ಟೆ, ಬೆರಳು ಒತ್ತುತ್ತಿದ್ದದ್ದು ನನ್ನ ಕೈಗೆ ಗೊತ್ತಾಗಿತ್ತು, ಆದರೂ ಕೊಟ್ಟೆ ಎಂದೆ. ಅವಳು ಬೈಯಲಿ ಎಂದು ಕಾದೆ. ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ಕೆನ್ನೆಗೆ ಬಾರಿಸಿದ್ದರೂ ನಾನು ಹಗುರಾಗುತ್ತಿದ್ದೆ.

ಅವಳು ಬೈಯಲಿಲ್ಲ. "ನಾನೂ ಒಂದು ಹೇಳ್ತೀನಿ, ಮಗಳಿಗೆ ಹೇಳಬ್ಯಾಡ" ಎಂದಳು. "ಎರಡು ವರ್ಷದಿಂದ ನನ್ ಕಾಲಿಗೆ ನೆಲ್ಲು ಗೊತ್ತಾಗ್ತಿದ್ದಿಲ್ಲ. ಹಸಿ ಐತೋ, ಒಣಗೈತೋ, ಬಿಸಿ ಐತೋ, ಒಂದೂ ಇಲ್ಲ. ನಾಕು ಕಾಳು ಸೆರಗಿನಾಗ ಇಟ್ಕೊಂಡು, ಆ ಕಡಿ ತಿರುಗಿ, ಹಲ್ಲಾಗ ಕಡದು ನೋಡ್ತಿದ್ದೆ. ಆಮ್ಯಾಲ ಕಾಲಾಡಿಸಿದಂಗ ಮಾಡಿ ಹೇಳ್ತಿದ್ದೆ."

"ಯಾಕ ಹೇಳಲಿಲ್ಲ ಯಕ್ಕ?"

"ಹೇಳಿದ್ರ ಕಣದಾಗ ನಂದೇನು ಉಳೀತಿತ್ತು?"

ಆವತ್ತು ಹಂಪಿಯಲ್ಲೂ ಅವಳಿಗೆ ಗೊತ್ತಿತ್ತು. ಕಲ್ಲು ಸುಡುತ್ತಿಲ್ಲ ಎಂದು ಅವಳಿಗೆ ಹೆದರಿಕೆಯಾಗಿತ್ತಂತೆ, ನಾವೆಲ್ಲ ಹೊಗಳಿದ ಮೇಲೆ ಆ ಹೆದರಿಕೆಯನ್ನು ಹೇಳಲು ನಾಚಿಕೆಯಾಯಿತಂತೆ. ಗೈಡು ದೇವರ ಕೃಪೆ ಎಂದ, ತಮ್ಮ ನಕ್ಕ, ತಾನೂ ನಕ್ಕೆ ಎಂದಳು. ನಾನು ಅವಳ ಕೈ ಹಿಡಿದು ಅತ್ತೆ. ಅವಳು ಅಳಲಿಲ್ಲ. "ನಾ ಸಡಿಲ ಅಂದೆ, ನೀ ಕೊಟ್ಟಿ. ಮತ್ತೇನು ಮಾಡಬೇಕಿತ್ತು ನೀನು?" ಎಂದಳು. ಏಳನ್ನೇ ಹಾಕಿ, ಬೈದು, ಬಸ್ಸು ಹತ್ತಿಸಬೇಕಿತ್ತು. ಅವಳು ಕ್ಷಮಿಸಿದ್ದರಿಂದ ಆ ಲೆಕ್ಕ ಬದಲಾಗುವುದಿಲ್ಲ.

ಅಂಗಡಿಯಲ್ಲಿ ಈಗ ನಾನು ಪ್ರತಿಯೊಬ್ಬರನ್ನೂ "ಶುಗರ್ ಐತೇನ್ರಿ?" ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಐತಿ ಎಂದವರಿಗೆ ಸಂಜೆ ಬರಲು ಹೇಳುತ್ತೇನೆ, ಅಂಗಾಲು ತಿರುಗಿಸಿ ನೋಡುತ್ತೇನೆ, ಹಾಕುವ ಮೊದಲು ದಿನಾ ಶೂ ಒಳಗೆ ಕೈಯಾಡಿಸಿ ಎಂದು ಬೇಡಿಕೊಳ್ಳುತ್ತೇನೆ. ಸಡಿಲ ಎಂದು ಅವರು ಹಟ ಹಿಡಿದರೆ ನಾನೂ ಹಟ ಹಿಡಿಯುತ್ತೇನೆ. ಎಷ್ಟೋ ಜನ ಎದ್ದು ಪಕ್ಕದ ಅಂಗಡಿಗೆ ಹೋಗಿದ್ದಾರೆ. ಮಾಲೀಕರು ಗಲ್ಲೆಯಿಂದ ನೋಡುತ್ತಾರೆ, ಈಗ ಕೂಗುವುದಿಲ್ಲ.

ಅಕ್ಕ ಮನೆಗೆ ಬಂದು ಮೂರು ತಿಂಗಳು ಬದುಕಿದ್ದಳು. ಕೋಲು ಹಿಡಿದು ಬಾಗಿಲವರೆಗೆ ನಡೆಯುವುದನ್ನು ಕಲಿತಿದ್ದಳು. ಆಮೇಲೆ ಜ್ವರ ಬಂತು, ನಂಜು ರಕ್ತಕ್ಕೆ ಇಳಿದಿದೆ ಎಂದರು, ನಾಲ್ಕನೇ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಕಣದ ಹೆಂಗಸರು ಕೆಲಸ ಬಿಟ್ಟು ಬಂದರು. ನೀರು ಹಾಕಿ, ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿದರು. ನಮ್ಮಲ್ಲಿ ಹೋದವರ ಕಾಲಿನ ಎರಡು ಹೆಬ್ಬೆರಳನ್ನು ಸೇರಿಸಿ ದಾರದಿಂದ ಕಟ್ಟುತ್ತಾರೆ. ಅವರಲ್ಲಿ ಹಿರಿಯಳೊಬ್ಬಳು ಬಿಳಿ ದಾರ ಹಿಡಿದು ಬಂದು, ಸೀರೆಯ ಅಂಚು ಸರಿಸಿದವಳು ಹಾಗೆಯೇ ನಿಂತಳು. ಕಟ್ಟಲು ಜೊತೆಗೆ ಇನ್ನೊಂದಿರಲಿಲ್ಲ. ಯಾರೋ ಬಿಡ್ರಿ ಎಂದರು, ಯಾರೋ ಶಾಸ್ತ್ರ ಬಿಡಬಾರದು ಎಂದರು. ಸೊಸೆ ಗೋಡೆಗೆ ಮುಖ ಮಾಡಿ ನಿಂತಳು. ಹಿರಿಯಳು ದಾರವನ್ನು ನನ್ನ ಕೈಗೆ ಕೊಟ್ಟಳು. "ತಮ್ಮ ಅದಿ, ನೀನ ಕಟ್ಟಪಾ. ಇದ್ದ ಒಂದಕ್ಕ ಸುತ್ತಿ ಗಂಟು ಹಾಕು."

ನಾನು ಅಕ್ಕನ ಎಡಗಾಲಿನ ಮುಂದೆ ಕೂತು ಹೆಬ್ಬೆರಳಿಗೆ ದಾರ ಸುತ್ತಿದೆ.

"ಬಿಗಿ ಮಾಡು, ಬಿಚ್ಚಿ ಹೋಗ್ತೈತಿ" ಎಂದಳು ಅವಳು.

ನಾನು ದಾರದೊಳಗೆ ನನ್ನ ಕಿರುಬೆರಳನ್ನೂ ಇಟ್ಟುಕೊಂಡು ಗಂಟು ಹಾಕಿದೆ. ಆಮೇಲೆ ಬೆರಳನ್ನು ಮೆಲ್ಲಗೆ ಎಳೆದುಕೊಂಡೆ.